69ರಲ್ಲಿ ನಿಂತುಹೋದ ತೂಕ

ಬೆಳಗ್ಗೆ ಎದ್ದ ಕೂಡಲೇ ತೂಕದ ಯಂತ್ರದ ಮೇಲೆ ನಿಂತು, ಸಂಖ್ಯೆ ನೋಡಿ ನಂಬಲಾಗದೆ ಇಳಿದು, ಕೈಬಳೆ ಕಳಚಿಟ್ಟು ಮತ್ತೆ ಹತ್ತಿ ನೋಡಿದ ಅನುಭವ ನಿಮಗುಂಟೇ? ನನಗುಂಟು. ಒಂದು ದಿನವಲ್ಲ, ಎರಡು ದಿನವಲ್ಲ, ಸತತ ಒಂಬತ್ತು ವಾರ! ಬಳೆ ತೆಗೆದರೂ 69 ಕಿಲೋ, ಹಾಕಿದರೂ 69 ಕಿಲೋ.

ಈ ಕಥೆ ಶುರುವಾದದ್ದು 2024ರ ಜೂನ್‌ನಲ್ಲಿ. ಆಗ ನನಗೆ 43 ವರ್ಷ, 156 ಸೆಂಟಿಮೀಟರ್ ಎತ್ತರ, 78 ಕಿಲೋ ತೂಕ. ಮೆಟ್ಟಿಲು ಹತ್ತುವಾಗ ಮಂಡಿ ನೋಯುತ್ತಿತ್ತು. ಸಕ್ಕರೆ ಕಾಯಿಲೆ ಗಡಿಯಲ್ಲಿ ಬಂದು ನಿಂತಿದೆ ಎಂದು ರಕ್ತಪರೀಕ್ಷೆ ಹೇಳಿತು. ನನ್ನ ಉಮ್ಮ ಅದೇ ಕಾಯಿಲೆಯಿಂದ ಕಾಲಿನ ಎರಡು ಬೆರಳುಗಳನ್ನು ಕಳೆದುಕೊಂಡವರು. ಅವರ ಗಾಯಕ್ಕೆ ಬ್ಯಾಂಡೇಜು ಕಟ್ಟಿದ ಕೈ ನನ್ನದೇ. ಆದ್ದರಿಂದ ಡಾಕ್ಟರು "ತೂಕ ಇಳಿಸಿ" ಎಂದಾಗ ನಾನು ಹಿಂದೆಮುಂದೆ ನೋಡಲಿಲ್ಲ.

ಮೊದಲ ತಿಂಗಳುಗಳು ಸಂತೋಷದಿಂದಲೇ ಕಳೆದವು. ರಾತ್ರಿಯ ಅನ್ನ ಅರ್ಧವಾಯಿತು. ಸಂಜೆಯ ಬೇಕರಿ ತಿಂಡಿ ನಿಂತಿತು. ಬೆಳಗ್ಗಿನ ನಮಾಝಿನ ಬಳಿಕ ಅರ್ಧ ಗಂಟೆ ನಡಿಗೆ. ಎರಡು ತಿಂಗಳಲ್ಲಿ ಐದು ಕಿಲೋ, ಮುಂದಿನ ಮೂರು ತಿಂಗಳಲ್ಲಿ ನಾಲ್ಕು ಕಿಲೋ ಇಳಿಯಿತು. ಮದುವೆ ಮನೆಯಲ್ಲಿ ನೆಂಟರೆಲ್ಲ "ಏನು, ಹೀಗೆ ಸಣ್ಣಗಾಗಿದ್ದೀರಿ!" ಎಂದು ಕೇಳುವಾಗ ಒಳಗೊಳಗೇ ಹಿಗ್ಗುತ್ತಿದ್ದೆ. ನವೆಂಬರ್‌ನಲ್ಲಿ ಗಾಡಿ ನಿಂತಿತು. ಅದೇ ಊಟ, ಅದೇ ನಡಿಗೆ, ಅದೇ 69.

ಆಗ ನಾನು ಮಾಡಿದ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಉಪವಾಸದ ಹುಚ್ಚು

ತೂಕ ಇಳಿಯುತ್ತಿಲ್ಲ ಎಂದರೆ ತಿನ್ನುವುದು ಹೆಚ್ಚಾಯಿತು ಎಂದಲ್ಲವೇ? ಹಾಗಾದರೆ ಇನ್ನೂ ಕಡಿಮೆ ಮಾಡೋಣ ಎಂದುಕೊಂಡೆ. ಜನವರಿಯ ಆರಂಭದಿಂದ ಬೆಳಗ್ಗೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಸೌತೆಕಾಯಿ. ರಾತ್ರಿ ಒಂದು ಬಟ್ಟಲು ಗಂಜಿ. ಮನೆಯವರು ಕೇಳಿದರೆ "ಹಸಿವಿಲ್ಲ" ಎಂಬ ಸುಳ್ಳು. ಮೊದಲ ವಾರದಲ್ಲೇ ತೂಕ 67.6ಕ್ಕೆ ಇಳಿಯಿತು. ನೋಡಿ, ಗೆದ್ದೆ ಎಂದುಕೊಂಡೆ. ಮುಂದಿನ ಮೂರು ವಾರ ಒಂದು ಗ್ರಾಮೂ ಇಳಿಯಲಿಲ್ಲ. ಬಾಚಣಿಗೆಯಲ್ಲಿ ಕೂದಲು ಬರತೊಡಗಿತು. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗತೊಡಗಿದೆ. ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಅಡುಗೆಯ ವೀಡಿಯೊ ನೋಡುತ್ತಾ ಮಲಗುತ್ತಿದ್ದೆ. ವಾರದಲ್ಲಿ ಎರಡು ಮೂರು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಪಾತ್ರೆಯಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿಂದು ಮುಗಿಸಿ, ಬೆಳಗ್ಗೆ ನಾಚಿಕೆಯಿಂದ ಮತ್ತಷ್ಟು ಬಿಗಿ ಹಿಡಿಯುತ್ತಿದ್ದೆ.

ಜನವರಿಯ ಕೊನೆಯಲ್ಲಿ ಒಂದು ದಿನ ಕಾವಲಿಯ ಮುಂದೆ ನಿಂತು ನೀರುದೋಸೆ ಎರೆಯುವಾಗ ಕಣ್ಣು ಕತ್ತಲಿಟ್ಟಿತು. ಪುಣ್ಯಕ್ಕೆ ಹಿಂದಕ್ಕೆ ಬಿದ್ದೆ, ಬೆಂಕಿಯ ಕಡೆಗಲ್ಲ.

ಆದರೆ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಅದಲ್ಲ. ಅದೇ ವಾರ, ಪ್ರಥಮ ಪಿಯುಸಿಯಲ್ಲಿದ್ದ ಮಗಳ ಬ್ಯಾಗು ತೊಳೆಯಲು ತೆಗೆದಾಗ ಟಿಫಿನ್ ಡಬ್ಬಿ ಭಾರವಾಗಿತ್ತು. ತೆರೆದು ನೋಡಿದರೆ ಬೆಳಗ್ಗೆ ನಾನು ತುಂಬಿಸಿದ್ದು ಹಾಗೆಯೇ ಇತ್ತು. ಹಿಂದಿನ ದಿನವೂ ಡಬ್ಬಿಯನ್ನು ಅವಳೇ ತೊಳೆದಿಟ್ಟಿದ್ದಳು. ಅದನ್ನು ನಾನು ಒಳ್ಳೆಯ ಬುದ್ಧಿ ಬಂತು ಎಂದುಕೊಂಡಿದ್ದೆ! ಕೇಳಿದೆ. ಅವಳು ನೆಲ ನೋಡುತ್ತಾ, "ಉಮ್ಮಾ, ನೀವೂ ತಿನ್ನುವುದಿಲ್ಲವಲ್ಲ. ನಾನೂ ದಪ್ಪಗಿದ್ದೇನಲ್ಲ" ಎಂದಳು. ಹದಿನಾರು ವರ್ಷದ, ಕಡ್ಡಿಯಂಥ ಹುಡುಗಿ! ನಾನು ದಿನಾ ಬೆಳಗ್ಗೆ ಆ ಯಂತ್ರದ ಮೇಲೆ ನಿಂತು ಮುಖ ಸಪ್ಪಗೆ ಮಾಡಿಕೊಳ್ಳುವುದನ್ನು ಅವಳು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ನಾನು ಬಾಯಿಂದ ಒಂದು ಮಾತೂ ಹೇಳಿಕೊಟ್ಟಿರಲಿಲ್ಲ. ಆದರೂ ಅವಳು ಕಲಿತಿದ್ದಳು.

ಮರುದಿನವೇ ಇವರನ್ನು ಕರೆದುಕೊಂಡು ಆಹಾರ ತಜ್ಞೆಯೊಬ್ಬರ ಬಳಿ ಹೋದೆ.

ಲೆಕ್ಕ ಹೇಳಿದ್ದೇನು?

ಆಕೆ ಬಯ್ಯಲಿಲ್ಲ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಿತ್ತು, ರಕ್ತ ಸ್ವಲ್ಪ ಕಡಿಮೆಯಿತ್ತು. ಬಳಿಕ ಒಂದು ಕಾಗದ ತೆಗೆದು ಲೆಕ್ಕ ಹಾಕಿದರು. ಆ ಲೆಕ್ಕ ನೀವೂ ತಿಳಿದಿರಬೇಕು.

ನಾವು ಸುಮ್ಮನೆ ಮಲಗಿದ್ದರೂ ಹೃದಯ ಬಡಿಯಲು, ಉಸಿರಾಡಲು, ಮೈ ಬೆಚ್ಚಗಿಡಲು ದೇಹಕ್ಕೆ ಶಕ್ತಿ ಬೇಕು. ಅದನ್ನು ಅಂದಾಜಿಸಲು 1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜಿಯೊರ್ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ಮಹಿಳೆಯರಿಗೆ ಅದು ಹೀಗಿದೆ: ತೂಕವನ್ನು 10ರಿಂದ ಗುಣಿಸಿ. ಅದಕ್ಕೆ ಸೆಂಟಿಮೀಟರ್‌ನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ. ಅದರಿಂದ ವಯಸ್ಸಿನ ಐದು ಪಟ್ಟನ್ನು ಕಳೆದು, ಮತ್ತೆ 161 ಕಳೆಯಿರಿ. 78 ಕಿಲೋ ಇದ್ದಾಗ ನನಗೆ ಬಂದದ್ದು 1379 ಕ್ಯಾಲೊರಿ. ಮನೆಗೆಲಸ, ನಡಿಗೆ ಎಲ್ಲ ಸೇರಿಸಿ ಅದನ್ನು 1.4ರಿಂದ ಗುಣಿಸಿದರೆ ದಿನಕ್ಕೆ ಸುಮಾರು 1930. 69 ಕಿಲೋಗೆ ಇಳಿದಾಗ ಅದೇ ಲೆಕ್ಕದಲ್ಲಿ ಸುಮಾರು 1805. ಅಂದರೆ ತೂಕ ಇಳಿದದ್ದರಿಂದಲೇ ದಿನಕ್ಕೆ 125 ಕ್ಯಾಲೊರಿಯ ಅಗತ್ಯ ಕಡಿಮೆಯಾಗಿತ್ತು. ಒಂಬತ್ತು ಕಿಲೋ ಅಕ್ಕಿಯ ಚೀಲವನ್ನು ಹೊತ್ತು ನಡೆಯುವವಳಿಗೂ ಇಳಿಸಿ ನಡೆಯುವವಳಿಗೂ ಒಂದೇ ಶ್ರಮವೇ?

ಇಷ್ಟೇ ಅಲ್ಲ. ತೂಕ ಇಳಿದಾಗ ದೇಹ ತನ್ನ ಖರ್ಚನ್ನು ಲೆಕ್ಕಕ್ಕಿಂತಲೂ ಸ್ವಲ್ಪ ಹೆಚ್ಚೇ ಬಿಗಿ ಹಿಡಿಯುತ್ತದೆ. ಅಮೆರಿಕದ ಲೀಬೆಲ್, ರೋಸೆನ್‌ಬಾಮ್ ಮತ್ತು ಹಿರ್ಶ್ ಎಂಬ ಸಂಶೋಧಕರು 1995ರಲ್ಲಿ ಇದನ್ನು ಅಳೆದು ತೋರಿಸಿದರು. ಸಂಬಳ ಕಡಿಮೆಯಾದ ಮನೆಯ ಯಜಮಾನಿ ಯಾರಿಗೂ ಹೇಳದೆ ಖರ್ಚು ಕಡಿತ ಮಾಡುವ ಹಾಗೆ! ನಮಗೇ ತಿಳಿಯದಂತೆ ಓಡಾಟವೂ ಕಡಿಮೆಯಾಗುತ್ತದೆ. ಹತ್ತು ಬಾರಿ ಏಳುವಲ್ಲಿ ಐದು ಬಾರಿ ಏಳುತ್ತೇವೆ, "ಮಗಳೇ, ಸ್ವಲ್ಪ ನೀರು ತಾ" ಎನ್ನುತ್ತೇವೆ.

"ಹಾಗಾದರೆ ನಾನು ದಿನಕ್ಕೆ 1450ರಷ್ಟೇ ತಿನ್ನುತ್ತಿದ್ದೆನಲ್ಲ! ಆದರೂ ಯಾಕೆ ನಿಂತಿತು?" ಎಂದು ಕೇಳಿದೆ. ಆಕೆ ನಕ್ಕು, "ಅಳೆದಿದ್ದೀರಾ?" ಎಂದರು. ನಾನು ಅಳೆದಿರಲಿಲ್ಲ. ಮೊದಲ ತಿಂಗಳು ಅಳೆದದ್ದು ನಿಜ. ಬಳಿಕ ಕಣ್ಣಂದಾಜು.

ಚಮಚ, ತಕ್ಕಡಿ ಮತ್ತು ನೋಟ್‌ಬುಕ್

ಆಕೆ ಹೇಳಿದ್ದು ಇಷ್ಟು: "ಈ ಉಪವಾಸ ಇಂದೇ ಬಿಡಿ. ನವೆಂಬರ್‌ನಲ್ಲಿ ಹೇಗೆ ತಿನ್ನುತ್ತಿದ್ದಿರೋ ಹಾಗೆಯೇ ಒಂದು ವಾರ ತಿನ್ನಿ. ಆದರೆ ಬಾಯಿಗೆ ಹೋದ ಪ್ರತಿಯೊಂದನ್ನೂ ಅಳೆದು ಬರೆದಿಡಿ."

ಅಡುಗೆ ಮನೆಗೆ ಸಣ್ಣ ತಕ್ಕಡಿ ಬಂತು. ಅತ್ತೆ ಅದನ್ನು ನೋಡಿ, "ಚಿನ್ನದಂಗಡಿ ಇಡುತ್ತೀಯಾ?" ಎಂದು ಕೇಳಿದರು. ವಾರದ ಕೊನೆಗೆ ಕೂಡಿಸಿದಾಗ ಬಂದದ್ದು ದಿನಕ್ಕೆ ಸರಾಸರಿ 1750! ನಾನು ನಂಬಿದ್ದಕ್ಕಿಂತ 300 ಹೆಚ್ಚು.

ಎಲ್ಲಿಂದ ಬಂತು ಈ 300? ದಿನಕ್ಕೆ ಮೂರು ಲೋಟ ಚಹಾ. ಒಂದು ಚಿಕ್ಕ ಚಮಚ ಸಕ್ಕರೆಗೆ 20 ಕ್ಯಾಲೊರಿ, ಹಾಲಿಗೆ 30. ಮೂರು ಲೋಟಕ್ಕೆ 150. ಚಹಾ ಎಂದರೆ ನೀರು ಎಂದೇ ನಾನು ತಿಳಿದಿದ್ದೆ. ಒಗ್ಗರಣೆಗೆ ಬಾಟಲಿಯಿಂದ ನೇರವಾಗಿ ಸುರಿಯುವ ಎಣ್ಣೆ ನಾನು ಬರೆದುಕೊಂಡದ್ದಕ್ಕಿಂತ ಅರ್ಧ ದೊಡ್ಡ ಚಮಚ ಹೆಚ್ಚು ನನ್ನ ಪಾಲಿಗೆ ಬರುತ್ತಿತ್ತು. ಒಂದು ದೊಡ್ಡ ಚಮಚ ಎಣ್ಣೆಗೆ 120, ಅರ್ಧಕ್ಕೆ 60. ತೆಂಗಿನೆಣ್ಣೆಯಾಗಲಿ ಸೂರ್ಯಕಾಂತಿಯಾಗಲಿ ಗ್ರಾಮಿಗೆ 9 ಕ್ಯಾಲೊರಿಯೇ. ಉಳಿದ 90 ಎಲ್ಲಿಂದ? ಮಗನ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ರುಚಿ ನೋಡಲು ಬಾಯಿಗೆ ಹಾಕಿದ ಒಂದು ಸೌಟು ಗಸಿ, "ಚೆಲ್ಲುವುದೇಕೆ" ಎಂದು ತಿಂದ ತುಂಡು ಪತ್ತಿರ್. ತಾಯಂದಿರೇ, ನಮ್ಮ ಹೊಟ್ಟೆ ಮನೆಯ ಕಸದ ಬುಟ್ಟಿಯಲ್ಲ!

ಇದರಲ್ಲಿ ನಾನೊಬ್ಬಳೇ ಅಲ್ಲ ಎಂದು ತಿಳಿದಾಗ ಸಮಾಧಾನವಾಯಿತು. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಹತ್ತು ಮಂದಿಯನ್ನು ಪರೀಕ್ಷಿಸಿದರು. ಅವರು ತಿನ್ನುತ್ತಿದ್ದುದಕ್ಕಿಂತ ಸರಾಸರಿ ಶೇಕಡಾ 47ರಷ್ಟು ಕಡಿಮೆ ಹೇಳುತ್ತಿದ್ದರು. ಮಾಡಿದ ಶ್ರಮವನ್ನು ಶೇಕಡಾ 51ರಷ್ಟು ಹೆಚ್ಚು ಹೇಳುತ್ತಿದ್ದರು. ಬೇಕೆಂದು ಹೇಳಿದ ಸುಳ್ಳೆಂದು ಇದನ್ನು ತಿಳಿಯಬೇಕಾಗಿಲ್ಲ. ಕಣ್ಣಂದಾಜು ಎಂದರೆ ಹಾಗೆಯೇ.

ಈಗ ಲೆಕ್ಕ ಸರಿಹೋಯಿತು. ಸೂತ್ರದ ಪ್ರಕಾರ ನನ್ನ ದೇಹಕ್ಕೆ ಬೇಕಾದದ್ದು 1805. ದೇಹ ಬಿಗಿ ಹಿಡಿದದ್ದು ಒಂದಿಷ್ಟು. ನಾನು ತಿನ್ನುತ್ತಿದ್ದದ್ದು 1750. ಬಂದದ್ದೂ ಹೋದದ್ದೂ ಸಮಸಮ. ಹಾಗಿರುವಾಗ ತೂಕ ಇಳಿಯುವುದಾದರೂ ಹೇಗೆ?

ತೂಕ ನಿಂತದ್ದೋ, ನೀರು ನಿಂತದ್ದೋ?

ಹಾಗಾದರೆ ಉಪವಾಸದ ಮೊದಲ ವಾರದಲ್ಲಿ ಇಳಿದ ಒಂದೂವರೆ ಕಿಲೋ? ಅದರಲ್ಲಿ ಹೆಚ್ಚಿನದು ನೀರು. ನಮ್ಮ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಒಂದು ಗ್ರಾಮ್ ಗ್ಲೈಕೋಜನ್ ಸುಮಾರು ಮೂರು ಗ್ರಾಮ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ ಬಿಟ್ಟರೆ ಆ ದಾಸ್ತಾನು ಖಾಲಿಯಾಗಿ ನೀರೂ ಹೋಗುತ್ತದೆ, ತಿಂದರೆ ಎರಡೂ ಮರಳಿ ಬರುತ್ತವೆ. ಮಾಸಿಕ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ, ಉಪ್ಪಿನಕಾಯಿ, ಒಣಮೀನು ತಿಂದ ಮರುದಿನ ತೂಕ ಏರುವುದೂ ನೀರಿನಿಂದಲೇ. ಆದ್ದರಿಂದ ಒಂದು ದಿನದ ತೂಕ ನೋಡಿ ಅಳಬಾರದು, ಹಿಗ್ಗಲೂಬಾರದು. ವಾರದಲ್ಲಿ ಮೂರು ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿ ಸರಾಸರಿ ತೆಗೆಯಬೇಕು. ಆ ಸರಾಸರಿ ನಾಲ್ಕು ವಾರ ಅಲುಗದಿದ್ದರೆ ಮಾತ್ರ ತೂಕ ನಿಂತಿದೆ ಎನ್ನಬಹುದು. ನಾಲ್ಕು ದಿನಕ್ಕೆ ಹಾಗೆನ್ನುವಂತಿಲ್ಲ.

ಇನ್ನು ನನ್ನ ಸಿಡುಕು, ರಾತ್ರಿಯ ಅಡುಗೆ ವೀಡಿಯೊ? ಎರಡನೇ ಮಹಾಯುದ್ಧದ ಕೊನೆಯ ಹಂತದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ನೋಡಿದ್ದರಂತೆ. ಅವರು ಸ್ವಇಚ್ಛೆಯಿಂದ ಒಪ್ಪಿ ಬಂದವರು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಖಿನ್ನತೆ, ಸಿಡುಕು. ಹಗಲೂ ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು! ಊಟ ಮರಳಿ ಸಿಕ್ಕಿದಾಗ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಇದನ್ನು ಕೇಳಿದಾಗ ನನ್ನ ಕಣ್ಣು ತುಂಬಿತು. ನನ್ನ ಮನಸ್ಸು ದುರ್ಬಲ, ನನಗೆ ಛಲವಿಲ್ಲ ಎಂದು ಎಷ್ಟು ರಾತ್ರಿ ನನ್ನನ್ನೇ ಬಯ್ದುಕೊಂಡಿದ್ದೆ!

ಹೆಚ್ಚು ತಿಂದು ಶುರು ಮಾಡಿದೆ

ಆಕೆಯ ಮುಂದಿನ ಸಲಹೆ ವಿಚಿತ್ರವಾಗಿತ್ತು. "ಇನ್ನೂ ಒಂದು ವಾರ 1800ರವರೆಗೆ ತಿನ್ನಿ. ಹೊಟ್ಟೆ ತುಂಬ ತಿನ್ನಿ. ಆದರೆ ಅಳೆದು." ಆಸ್ಟ್ರೇಲಿಯಾದಲ್ಲಿ 51 ಮಂದಿ ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ವಾರ ಪಥ್ಯ, ಎರಡು ವಾರ ಸಮತೂಕದ ಊಟ ಎಂದು ಮಾಡಿದವರ ತೂಕ, ಬಿಡದೆ ಪಥ್ಯ ಮಾಡಿದವರಿಗಿಂತ ಹೆಚ್ಚು ಇಳಿದಿತ್ತು. ನಂತರದ ಎಲ್ಲ ಅಧ್ಯಯನಗಳಲ್ಲೂ ಅದೇ ಫಲಿತಾಂಶ ಬಂದಿಲ್ಲ ಎಂದೂ ಆಕೆಯೇ ಹೇಳಿದರು. "ಇದು ಮಂತ್ರವಲ್ಲ. ನಿಮಗೆ ಬೇಕಾದದ್ದು ವಿಶ್ರಾಂತಿ" ಎಂದರು.

ಆ ಎರಡು ವಾರದಲ್ಲಿ ತೂಕ ಮತ್ತೆ 69.2ಕ್ಕೆ ಏರಿತು. ನನಗೆ ಗಾಬರಿ. ಆದರೆ ಅದು ನೀರು ಎಂದು ಈಗ ಗೊತ್ತಿತ್ತು. ಕೂದಲು ಉದುರುವುದು ಕೂಡಲೇ ನಿಲ್ಲಲಿಲ್ಲ, ಅದಕ್ಕೆ ತಿಂಗಳುಗಳೇ ಬೇಕಾದವು. ಆದರೆ ನಿದ್ದೆ ಬಂತು. ಅಡುಗೆ ಮನೆಗೆ ರಾತ್ರಿ ಕಳ್ಳಹೆಜ್ಜೆ ಇಡುವುದು ನಿಂತಿತು.

2025ರ ಫೆಬ್ರವರಿ ಮಧ್ಯದಿಂದ ದಿನಕ್ಕೆ 1500. ನಿಜವಾಗಿ ತಿನ್ನುತ್ತಿದ್ದ 1750ರಿಂದ 250 ಮಾತ್ರ ಕಡಿತ. ಎರಡು ಲೋಟ ಚಹಾ, ಸಕ್ಕರೆ ಇಲ್ಲದೆ. ಎಣ್ಣೆ ಬಾಟಲಿಯಿಂದಲ್ಲ, ಚಮಚದಿಂದ. ಬೆಳಗ್ಗೆ ಮೂರು ನೀರುದೋಸೆಯ ಬದಲು ಎರಡು ದೋಸೆ, ಒಂದು ಮೊಟ್ಟೆ, ಬೇಯಿಸಿದ ಹೆಸರುಕಾಳು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಒಂದು ಬಟ್ಟಲು. ತಟ್ಟೆಯ ಅರ್ಧ ಭಾಗ ಬಸಳೆ, ತೊಂಡೆಕಾಯಿ, ಬೀನ್ಸ್. ಬಂಗುಡೆ ಹುರಿಯುವ ಬದಲು ಪುಳಿಮುಂಚಿ. ಬೇಳೆ, ಮೊಸರು, ಮೀನು, ಮೊಟ್ಟೆಯ ಪ್ರೋಟೀನು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗದಂತೆ ಅದು ತಡೆಯುತ್ತದೆ. ಸ್ನಾಯು ಉಳಿಯಲು ಕೆಲಸವೂ ಬೇಕು. ಹಾಗಾಗಿ ನಡಿಗೆ 45 ನಿಮಿಷವಾಯಿತು, ದಿನಕ್ಕೆ ಮೂವತ್ತು ಬಾರಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ ಶುರುವಾಯಿತು.

ಅತ್ತೆಗೆ ಇದೆಲ್ಲ ತಮಾಷೆ. "ನಮ್ಮ ಕಾಲದಲ್ಲಿ ಯಾರು ತೂಗಿ ತಿನ್ನುತ್ತಿದ್ದರು?" ಎನ್ನುತ್ತಿದ್ದರು. ನಿಜವೇ. ಆದರೆ ಅವರು ಬಾವಿಯಿಂದ ನೀರು ಸೇದಿದವರು, ಒನಕೆ ಹಿಡಿದವರು, ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆದವರು. 2005ರಲ್ಲಿ ಪ್ರಕಟವಾದ ಅಮೆರಿಕದ ಜೇಮ್ಸ್ ಲೆವಿನ್ ಅವರ ಅಧ್ಯಯನದಲ್ಲಿ ದಪ್ಪಗಿದ್ದವರು ತೆಳ್ಳಗಿದ್ದವರಿಗಿಂತ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಕೂತೇ ಇರುತ್ತಿದ್ದರು. ನಮ್ಮ ಮಿಕ್ಸಿಯೂ ವಾಷಿಂಗ್ ಮೆಷಿನ್ನೂ ನಮ್ಮ ಕೆಲಸದ ಜೊತೆಗೆ ನಮ್ಮ ಕ್ಯಾಲೊರಿಯನ್ನೂ ಉಳಿಸಿಕೊಟ್ಟಿವೆ!

ಮಾರ್ಚ್‌ನಲ್ಲಿ ರಮಝಾನ್ ಬಂತು. ಪ್ರತಿ ವರ್ಷ ಆ ತಿಂಗಳಲ್ಲಿ ನನ್ನ ತೂಕ ಇಳಿಯುವುದಿರಲಿ, ಏರುತ್ತಿತ್ತು. ಇಫ್ತಾರಿಗೆ ಸಮೋಸ, ಪಕೋಡ, ಶರಬತ್ತು. ಈ ಬಾರಿ ಖರ್ಜೂರ, ನೀರು, ಹಣ್ಣು, ಗಂಜಿ. ಕರಿದದ್ದು ಒಂದೇ ಒಂದು, ಅದನ್ನು ಸಂತೋಷದಿಂದ. ಸಹರಿಗೆ ಮೊಟ್ಟೆ, ಮೊಸರು ಬಿಡಲಿಲ್ಲ. ಹಬ್ಬದ ದಿನ ಅಳೆಯಲಿಲ್ಲ. ಬಿರಿಯಾನಿ ತಿಂದೆ. ಒಂದು ದಿನದ ಬಿರಿಯಾನಿಯಿಂದ ಯಾರೂ ದಪ್ಪಗಾಗುವುದಿಲ್ಲ.

ಜೂನ್ ಮಧ್ಯಕ್ಕೆ ನನ್ನ ವಾರದ ಸರಾಸರಿ 65. ನಾಲ್ಕು ತಿಂಗಳಲ್ಲಿ ನಾಲ್ಕು ಕಿಲೋ. ಬಹಳ ಕಡಿಮೆ ಎನಿಸಬಹುದು. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. ದಿನಕ್ಕೆ 250 ಉಳಿಸಿದರೆ ಒಂದು ಕಿಲೋಗೆ ಒಂದು ತಿಂಗಳು. ಅಷ್ಟೇ ಅದರ ವೇಗ. ಮುಂದೆ ಅದೂ ನಿಧಾನವಾಗುತ್ತದೆ, ಯಾಕೆಂದರೆ 65 ಕಿಲೋದ ನನಗೆ ಬೇಕಾದದ್ದು 69ರ ನನಗಿಂತ ಕಡಿಮೆ. ಆದರೆ ರಕ್ತದ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಇಳಿದಿದೆ. ಮಂಡಿ ನೋವು ಮೆಟ್ಟಿಲಿನಲ್ಲಿ ನೆನಪಾಗುವುದಿಲ್ಲ. ನಮ್ಮ ದೇಶದವರಿಗೆ ಹೇಳುವ ಅಳತೆಯಂತೆ ಮಹಿಳೆಯ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿರಬೇಕು. ನನಗಿನ್ನೂ ದಾರಿಯಿದೆ, ಆದರೆ ಅವಸರವಿಲ್ಲ.

ನಿಮಗೆ ನಾಲ್ಕು ಮಾತು

ನಿಮ್ಮ ತೂಕವೂ ಹೀಗೆ ನಿಂತಿದ್ದರೆ ಮೊದಲು ನಾಲ್ಕು ವಾರದ ಸರಾಸರಿ ನೋಡಿ. ನಿಜವಾಗಿಯೂ ನಿಂತಿದ್ದರೆ, ಕಡಿತ ಮಾಡುವ ಮೊದಲು ಒಂದು ವಾರ ಅಳೆದು ಬರೆಯಿರಿ. ಚಹಾ, ಎಣ್ಣೆ, ತೆಂಗಿನಕಾಯಿ, ಮಕ್ಕಳ ತಟ್ಟೆ ಯಾವುದನ್ನೂ ಬಿಡಬೇಡಿ. ಬಳಿಕ ಹೊಸ ತೂಕಕ್ಕೆ ಲೆಕ್ಕ ಹಾಕಿ, ನಿಜವಾಗಿ ತಿನ್ನುತ್ತಿರುವುದರಿಂದ 200-250 ಮಾತ್ರ ಕಡಿಮೆ ಮಾಡಿ. ವೈದ್ಯರ ನಿಗಾ ಇಲ್ಲದೆ 1200ಕ್ಕಿಂತ ಕೆಳಗೆ ಹೋಗಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬದಲಿಸಿದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಗರ್ಭಿಣಿಯರಿಗೆ, ಎದೆಹಾಲುಣಿಸುವವರಿಗೆ ಈ ಲೆಕ್ಕ ಬೇಡ. ಬೆಳೆಯುವ ಮಕ್ಕಳಿಗಂತೂ ಬೇಡವೇ ಬೇಡ.

ನಮ್ಮ ಮನೆಯ ತೂಕದ ಯಂತ್ರ ಈಗ ಹಜಾರದಲ್ಲಿಲ್ಲ, ನನ್ನ ಕಪಾಟಿನೊಳಗಿದೆ. ಮಗಳ ಮುಂದೆ ನಾನು ನನ್ನ ಮೈಯನ್ನು ಹಳಿಯುವುದಿಲ್ಲ. ಅವಳನ್ನೂ ಆಹಾರ ತಜ್ಞೆಯ ಬಳಿ ಕರೆದೊಯ್ದೆ. "ಈ ವಯಸ್ಸಿನಲ್ಲಿ ನಿನಗೆ ನಿನ್ನ ಉಮ್ಮನಿಗಿಂತ ಹೆಚ್ಚು ಊಟ ಬೇಕು" ಎಂದು ಆಕೆ ಕಾಗದದ ಮೇಲೆ ಬರೆದೇ ತೋರಿಸಿದರು. ಸರಿಯಾಗಲು ವಾರಗಳು ಬೇಕಾದವು. ರಾತ್ರಿ ನಾವಿಬ್ಬರೂ ಒಟ್ಟಿಗೇ ಉಣ್ಣುತ್ತೇವೆ. ನಾನು ತಿನ್ನುವುದನ್ನು ಅವಳು ನೋಡಬೇಕಲ್ಲ!

ಈಗ ಸಂಜೆ ಅವಳು ಬಂದ ಕೂಡಲೇ ನಾನು ಮೊದಲು ನೋಡುವುದು ಅವಳ ಟಿಫಿನ್ ಡಬ್ಬಿಯನ್ನು. ಮೊನ್ನೆ ಅದು ಹಗುರವಾಗಿತ್ತು. "ಉಮ್ಮಾ, ನಾಳೆ ಎರಡು ಮೊಟ್ಟೆ ಹಾಕಿ, ಗೆಳತಿಗೂ ಬೇಕಂತೆ" ಎಂದು ಒಳಗಿನಿಂದ ಕೂಗಿದಳು. ನನ್ನ ನೋಟ್‌ಬುಕ್ಕಿನಲ್ಲಿ ಬರೆದ ಯಾವ ಸಂಖ್ಯೆಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.